ತಿಂಗಳಿಗೊಂದು ಚೌಕ

ಅಮೆರಿಕದ ಹಲವು ಕ್ವಿಲ್ಟ್ (ಕೌದಿ) ಸಂಘಗಳಲ್ಲಿ ತಿಂಗಳಿಗೊಮ್ಮೆ ಬ್ಲಾಕ್ ವಿನಿಮಯ ನಡೆಯುತ್ತದೆ. ಬ್ಲಾಕ್ ಎಂದರೆ ತುಂಡುಬಟ್ಟೆ ಜೋಡಿಸಿ ಹೊಲಿದ ಚೌಕ. ವಿನ್ಯಾಸ, ಬಣ್ಣಗಳನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಸದಸ್ಯರು ಮನೆಯಲ್ಲಿ ಹೊಲಿದು ಸಭೆಗೆ ತರುತ್ತಾರೆ. ಕೆಲವೆಡೆ ಚೀಟಿ ಎತ್ತಿ, ಹೆಸರು ಬಂದವರಿಗೆ ಅಷ್ಟನ್ನೂ ಕೊಟ್ಟುಬಿಡುವುದುಂಟು. 12 ಇಂಚಿನ 30 ಚೌಕ ಕೂಡಿದರೆ 60 ಇಂಚು ಅಗಲ, 72 ಇಂಚು ಉದ್ದದ ಮೇಲ್ಪದರವಾಗುತ್ತದೆ.

ಮೆಚ್ಚಬೇಕಾದ್ದು ಇದರ ಅಳತೆಯ ಶಿಸ್ತನ್ನು. ಸುತ್ತಲೂ ಕಾಲು ಇಂಚು ಅಂಚು ಬಿಡಬೇಕಾದ್ದರಿಂದ ಕೈಗೆ ಬರುವ ಚೌಕ 12.5 ಇಂಚು ಇರಬೇಕು. ‘ಫ್ರೆಂಡ್‌ಶಿಪ್ ಸ್ಟಾರ್’ ವಿನ್ಯಾಸದಲ್ಲಿ ಸಾಲಿಗೆ ಮೂರು ತುಂಡು, ಎರಡು ಹೊಲಿಗೆ. ಪ್ರತಿ ಹೊಲಿಗೆ ಬರೀ 1/16 ಇಂಚು ಒಳಸರಿದರೂ ಎರಡೂ ಬದಿಯ ಬಟ್ಟೆ ನುಂಗಿಹೋಗಿ ಚೌಕ ಕಾಲು ಇಂಚು ಕುಗ್ಗುತ್ತದೆ. ಪಕ್ಕದ ಚೌಕಕ್ಕೆ ಮೂಲೆ ಕೂಡುವುದೇ ಇಲ್ಲ. ಗೊತ್ತುಮಾಡಿದ ಬಣ್ಣಗಳೊಳಗೂ ಅಭಿರುಚಿ ಮಾತ್ರ ಒಬ್ಬೊಬ್ಬರದು ಒಂದೊಂದು ತೆರ. ಕ್ವಿಲ್ಟಿನ ಸೊಗಸಿರುವುದೂ ಅಲ್ಲಿಯೇ.

ಪದ್ಧತಿಯ ಬೇರು ಹಳೆಯದು. 1840ರ ದಶಕದಲ್ಲಿ ಅಮೆರಿಕದ ಪೂರ್ವ ರಾಜ್ಯಗಳ ಗೆಳತಿಯರು ತಂತಮ್ಮ ಚೌಕದ ಮೇಲೆ ಅಳಿಸದ ಶಾಯಿಯಲ್ಲಿ ಹೆಸರು ಬರೆದುಕೊಡುತ್ತಿದ್ದರು. ಇಂಥ ಚೌಕಗಳನ್ನು ಕೂಡಿಸಿದ ಆ ಕಾಲದ ‘ಬಾಲ್ಟಿಮೋರ್ ಆಲ್ಬಂ’ ಕ್ವಿಲ್ಟ್‌ಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.