ಸೂಕ್ತಿಸುಧಾರ್ಣವವೂ ಆಕರನಿರ್ದೇಶವೂ

ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಕ್ರಿ. ಶ. ಸುಮಾರು ೧೨೪೫ರಲ್ಲಿ, ಮಲ್ಲಿಕಾರ್ಜುನನು ಸಂಕಲಿಸಿದ ಸೂಕ್ತಿಸುಧಾರ್ಣವವು ಕನ್ನಡ ಸಾಹಿತ್ಯಕ್ಕೆ ಮಾಡಿರುವ ಉಪಕಾರವು ಅಲ್ಪವಲ್ಲ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಮೊದಲಾದ ವರ್ಣನೆಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಪೂರ್ವಕವಿಗಳ ಪದ್ಯಗಳನ್ನು ಒಂದೆಡೆ ಕೂಡಿಸಿದ ಈತನ ರಸಿಕತೆಯಲ್ಲಿ ದೋಷವೆಣಿಸಲು ಅವಕಾಶವು ಕಡಮೆ. ಆದರೆ ಆಯ್ದ ಪದ್ಯವು ಯಾರದು, ಯಾವ ಕಾವ್ಯದ್ದು ಎಂಬುದನ್ನು ಆತನು ಹೇಳುವುದಿಲ್ಲ. ಆಸ್ಥಾನದ ರಸಿಕರಿಗೆ ಇದು ಕೊರತೆಯಾಗಿ ತೋರದೆ ಇದ್ದಿರಬಹುದು. ಪದ್ಯವನ್ನು ಕೇಳಿದೊಡನೆಯೇ ಕವಿಯ ಹೆಸರು ಅವರ ನಾಲಗೆಗೆ ಬರುತ್ತಿದ್ದಿರಬಹುದು. ಆ ನೆನಪು ಅಳಿದ ಮೇಲೆ ಉಳಿದುದು ಓಲೆ ಮಾತ್ರ.

ಪಂಪಾದಿಗಳ ಉಪಲಬ್ಧಕಾವ್ಯಗಳಿಂದ ಬಂದ ಪದ್ಯಗಳಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಮೂಲದೊಡನೆ ಹೋಲಿಸಿ ಗುರುತಿಸಬಹುದು. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳಂತೆ ಇಡಿಯಾಗಿ ದೊರೆಯದಿರುವ ಗ್ರಂಥಗಳ ಗತಿಯೇ ಬೇರೆ. ಅಂತಹ ಕಾವ್ಯದ ಪದ್ಯವು ಕಣ್ಣೆದುರಿಗೇ ಇದ್ದರೂ ಅದು ಇಂತಹ ಕವಿಯದೆಂದು ಕೈಹಿಡಿದು ತೋರಿಸುವವರಿಲ್ಲ. ಪಕ್ಕದಲ್ಲಿ ಎರಡಕ್ಷರದ ಸಂಕೇತವೊಂದಿದ್ದರೆ ನಷ್ಟವಾದ ಕವಿಯೊಬ್ಬನ ಶೈಲಿಯನ್ನಾದರೂ ವಿಚಾರಿಸಲು ದಾರಿಯಾಗುತ್ತಿತ್ತು.

ಇದು ಕಾಲಧರ್ಮವೆಂದು ಸಮಾಧಾನ ಹೇಳುವುದುಂಟು. ಆ ಸಮಾಧಾನವು ನಿಲ್ಲಲಾರದು. ೧೨೦೫ರಲ್ಲಿಯೇ ವಂಗದೇಶದ ಶ್ರೀಧರದಾಸನು ಸದುಕ್ತಿಕರ್ಣಾಮೃತದಲ್ಲಿ ಪದ್ಯಗಳಿಗೆ ಕವಿನಾಮಗಳನ್ನು ಕೊಟ್ಟಿರುವನು; ಕವಿಯು ತಿಳಿಯದೆಡೆಯಲ್ಲಿ 'ಕಸ್ಯಚಿತ್', ಎಂದರೆ ಯಾರದೋ ಒಬ್ಬನದು, ಎಂದು ಬರೆದಿರುವನು. ದೂರದ ಮಾತೇಕೆ? ಹೊಯ್ಸಳರ ನೆರೆಯವರಾದ ದೇವಗಿರಿಯ ಯಾದವರಲ್ಲಿ, ಕೃಷ್ಣರಾಜನ ಕಾಲಕ್ಕೆ ಸೇರಿದ ಜಲ್ಹಣನ ಸೂಕ್ತಿಮುಕ್ತಾವಳಿಯಲ್ಲಿಯೂ ಇದೇ ಪದ್ಧತಿ. ಈ ಸಂಸ್ಕೃತ ಸಂಕಲನಗಳು ತಪ್ಪದೆ ಇಲ್ಲ. ಒಂದೇ ಶ್ಲೋಕವನ್ನು ಒಂದರಲ್ಲಿ ಒಬ್ಬನಿಗೆ, ಇನ್ನೊಂದರಲ್ಲಿ ಮತ್ತೊಬ್ಬನಿಗೆ ಆರೋಪಿಸಿರುವುದುಂಟು. ಆದರೆ ತಪ್ಪು ಹೆಸರನ್ನು ಪರೀಕ್ಷಿಸಬಹುದು, ಇಲ್ಲದ ಹೆಸರನ್ನು ಪರೀಕ್ಷಿಸುವುದೆಂತು?

ಮಲ್ಲಿಕಾರ್ಜುನನ ಮಗನಾದ ಕೇಶಿರಾಜನಲ್ಲಿ ಈ ವಿಷಯವು ಇನ್ನೂ ವಿಚಿತ್ರವಾದ ರೂಪವನ್ನು ತಾಳಿರುವುದು. ಶಬ್ದಮಣಿದರ್ಪಣದ ಆದಿಯಲ್ಲಿ ಆತನು ಗಜಗ, ಗುಣನಂದಿ, ಮನಸಿಜ, ಅಸಗ ಮೊದಲಾದವರನ್ನು ಲಕ್ಷ್ಯಪ್ರಮಾಣವಾಗಿ ಹೆಸರಿಸುವನು. ಸೂತ್ರಗಳ ಕೆಳಗೆ ಉದಾಹರಣೆಗಳನ್ನು ಕೊಡುವಾಗ ಯಾರನ್ನೂ ಹೆಸರಿಸನು. ಹೀಗಾಗಿ ಪದ್ಯವಿಲ್ಲದ ಹೆಸರುಗಳು ಒಂದು ಕಡೆ, ಹೆಸರಿಲ್ಲದ ಪದ್ಯಗಳು ಮತ್ತೊಂದು ಕಡೆ. ಗಜಗನ ಪದ್ಯವೊಂದು ಆ ಗ್ರಂಥದಲ್ಲಿಯೇ ಇರಬಹುದು. ಆದರೆ ಅದನ್ನು ಆತನದೆಂದು ಹೇಳಲು ಆಧಾರವಿಲ್ಲ. ಅಷ್ಟು ಸೂಕ್ಷ್ಮದೃಷ್ಟಿಯ ವೈಯಾಕರಣನು ಇದನ್ನು ಉಪೇಕ್ಷಿಸಿದುದು ಶೋಚನೀಯ.

ಕಿಟ್ಟೆಲ್ ಪಂಡಿತರು ೧೮೯೪ರ ತಮ್ಮ ನಿಘಂಟುವಿನಲ್ಲಿ ಪ್ರಯೋಗಗಳ ಪಕ್ಕದಲ್ಲಿ ಸಂಕೇತಾಕ್ಷರಗಳಿಂದ ಆಕರವನ್ನು ಸೂಚಿಸಿದರು. ಹಾಗಿದ್ದರೂ ಇಂದು ಪರೀಕ್ಷೆಗಾಗಿ ಪ್ರಬಂಧ ಬರೆಯುವ ವಿದ್ಯಾರ್ಥಿಯು ಚೀಟಿಯ ಮೇಲೆ ಪದ್ಯವನ್ನು ಮಾತ್ರ ಇಳಿಸಿಕೊಳ್ಳುವನು. ಪುಟವನ್ನು ಆಮೇಲೆ ನೋಡಿದರಾಯಿತೆಂಬುದು ಆತನ ನಂಬಿಕೆ. ತಿಂಗಳು ಕಳೆದ ಮೇಲೆ ಆ ಚೀಟಿಯೂ ಸೂಕ್ತಿಸುಧಾರ್ಣವದ ಪದ್ಯದಂತೆಯೇ ಆಗುವುದು. ಇನ್ನು ಕೆಲವರು ಶಬ್ದಮಣಿದರ್ಪಣದಲ್ಲಿ ಕಂಡ ಪದ್ಯಕ್ಕೆ, ಇತರರು ಶೋಧಿಸಿ ಹೇಳಿದ ಕಾವ್ಯದ ಹೆಸರನ್ನು ಬರೆದು, ಕಾವ್ಯವನ್ನು ತಾವೇ ಓದಿದಂತೆ ತೋರಿಸುವರು. ಇದು ಮರೆವಲ್ಲ. ಮಲ್ಲಿನಾಥನು ಮೂಲವಿಲ್ಲದುದನ್ನು ಬರೆಯೆನೆಂದು ಪ್ರತಿಜ್ಞೆ ಮಾಡಿದುದನ್ನು ಪಾಠ ಹೇಳುವ ಅಧ್ಯಾಪಕರು, 'ಶಬ್ದಮಣಿದರ್ಪಣದಲ್ಲಿ ಉದಾಹೃತ' ಎಂಬ ಎರಡು ಪದಗಳನ್ನು ಬರೆಯುವಂತೆ ಶಿಷ್ಯರಿಗೆ ಮೊದಲ ಚೀಟಿಯಲ್ಲಿಯೇ ವಿಧಿಸಬೇಕು.