ವೇಷದ ಮುಪ್ಪು, ದೇಹದ ಮುಪ್ಪು: ಜೆಥ್ರೋ ಟಲ್‌ನ ಒಂದು ಉಪೇಕ್ಷಿತ ಕೃತಿಯ ಮರುವಿಮರ್ಶೆ

ಜೆಥ್ರೋ ಟಲ್ ತಂಡದ ಸಾಧನೆಯನ್ನು ಕುರಿತ ಚರ್ಚೆಗಳಲ್ಲಿ 1976ರ ‘ಟೂ ಓಲ್ಡ್ ಟು ರಾಕ್ ಎನ್ ರೋಲ್: ಟೂ ಯಂಗ್ ಟು ಡೈ!’ ಆಲ್ಬಮ್ಮಿಗೆ ದೊರೆಯುವುದು ಬಹುಮಟ್ಟಿಗೆ ಒಂದೆರಡು ವಾಕ್ಯಗಳ ಉಪೇಕ್ಷೆ ಮಾತ್ರ. ‘ಥಿಕ್ ಆಸ್ ಎ ಬ್ರಿಕ್’ (1972), ‘ಎ ಪ್ಯಾಶನ್ ಪ್ಲೇ’ (1973) ಎರಡೂ ಅಮೆರಿಕದ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದವು. ಈ ಕೃತಿ ಅಲ್ಲಿ 14ನೆಯ, ಬ್ರಿಟನ್ನಿನಲ್ಲಿ 25ನೆಯ ಸ್ಥಾನದಲ್ಲಿ ನಿಂತಿತು. ಇದನ್ನು ಬರೆದಾಗ ಇಯಾನ್ ಆಂಡರ್ಸನ್‌ಗೆ ಕೇವಲ 28 ವರ್ಷ. ಆದ್ದರಿಂದ ಇಲ್ಲಿನ ಮುಪ್ಪು ಅನುಭವದಿಂದ ಬಂದುದಲ್ಲ, ಬರಿಯ ವೇಷ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಆದರೆ ವೇಷವೇ ಈ ಕೃತಿಯ ವಸ್ತುವೆಂಬುದನ್ನು ಆ ಆಕ್ಷೇಪ ಗಮನಿಸುವುದಿಲ್ಲ.

ಹೊದಿಕೆಯೊಳಗೆ ಡೇವ್ ಗಿಬ್ಬನ್ಸ್ ರಚಿಸಿದ ಚಿತ್ರಕಥೆಯಿದೆ. ರೇ ಲೋಮಸ್ ಎಂಬ ಹಳೆಯ ಕಾಲದ ರಾಕರ್ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಹಣ ಗೆಲ್ಲುತ್ತಾನೆ, ಹೊಸ ಸಮಾಜದಲ್ಲಿ ನೆಲೆ ಕಾಣದೆ ಬೇಸರಗೊಳ್ಳುತ್ತಾನೆ, ಮೋಟಾರ್‌ಸೈಕಲ್ ಅಪಘಾತಕ್ಕೀಡಾಗುತ್ತಾನೆ. ಚೇತರಿಸಿಕೊಳ್ಳುವ ಹೊತ್ತಿಗೆ ಅವನ ವೇಷವೇ ಮತ್ತೆ ಫ್ಯಾಷನ್ ಆಗಿದ್ದು, ಅವನು ತಾರೆಯಾಗುತ್ತಾನೆ. ಈ ಕಥೆ ತೀರಾ ಸರಳ. ಇಡೀ ಆಲ್ಬಮ್ಮನ್ನು ಇದರ ವ್ಯಾಖ್ಯಾನವೆಂದು ಕೇಳಿದವರಿಗೆ ಅದು ತೆಳುವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಾಡುಗಳು ಮಾತ್ರ ಚಿತ್ರಕಥೆಗಿಂತ ಹೆಚ್ಚು ಬಲ್ಲವು. ‘ಫ್ರಮ್ ಎ ಡೆಡ್ ಬೀಟ್ ಟು ಆ್ಯನ್ ಓಲ್ಡ್ ಗ್ರೀಸರ್’ನಲ್ಲಿ ಕೆರುವಾಕ್, ಚಾರ್ಲಿ ಪಾರ್ಕರ್‌ರನ್ನು ನೆನೆಯುವ ಬೀಟ್ ಪೀಳಿಗೆಯ ಮುದುಕನೊಬ್ಬ ಚರ್ಮದ ಜಾಕೆಟ್ಟಿನ ರಾಕರ್‌ನೊಡನೆ ಮಾತಿಗಿಳಿಯುತ್ತಾನೆ. ಚಲಾವಣೆ ಕಳೆದುಕೊಂಡ ಒಂದು ಕಾಲ ಚಲಾವಣೆ ಕಳೆದುಕೊಳ್ಳುತ್ತಿರುವ ಇನ್ನೊಂದಕ್ಕೆ ತನ್ನ ಕಥೆ ಹೇಳುತ್ತದೆ. ಮುಪ್ಪು ಇಲ್ಲಿ ವಯಸ್ಸಿನ ಲೆಕ್ಕವಲ್ಲ. ತನ್ನ ಪರಿಭಾಷೆ ಅರ್ಥವಾಗುವವರು ಕಡಿಮೆಯಾಗುತ್ತ ಹೋಗುವ ಸ್ಥಿತಿ. ಡೇವಿಡ್ ಪಾಮರ್ (ಇಂದಿನ ಡೀ ಪಾಮರ್) ನುಡಿಸಿದ ಸ್ಯಾಕ್ಸೊಫೋನ್ ಆ ಮಾತಿಗೆ ಅನುಕಂಪವನ್ನು ಸೇರಿಸುತ್ತದೆ, ಅತಿಭಾವುಕತೆಯನ್ನಲ್ಲ.

ಶೀರ್ಷಿಕೆ ಗೀತೆಯಲ್ಲಿ ನಾಯಕನ ಗೆಳೆಯರು ಮದುವೆ, ಮಕ್ಕಳು, ಟೆನಿಸ್ ಕ್ಲಬ್ಬುಗಳಲ್ಲಿ ಕರಗಿಹೋಗಿದ್ದಾರೆ. ಅವನೊಬ್ಬನೇ ಬೈಕ್ ಏರಿ ಹೆದ್ದಾರಿಗಿಳಿಯುತ್ತಾನೆ. ಕೊನೆಗೆ ಲಯ ತ್ವರಿತಗೊಂಡು ಹಾಡು ತನ್ನ ಶೀರ್ಷಿಕೆಯನ್ನೇ ಅಲ್ಲಗಳೆಯುತ್ತದೆ. ಆ ಉತ್ಸಾಹವನ್ನು ಪೂರ್ತಿ ನಂಬುವಂತಿಲ್ಲ. ಅಪಘಾತವೂ ಅದೇ ಹಾಡಿನೊಳಗಿದೆ.

ದೋಷಗಳಿಲ್ಲವೆಂದಲ್ಲ. ‘ಟ್ಯಾಕ್ಸಿ ಗ್ರ್ಯಾಬ್’, ‘ಬಿಗ್ ಡಿಪ್ಪರ್’ ಸಾಧಾರಣ ರಚನೆಗಳು. ಒಂದೇ ರಚನೆಯನ್ನು ತಟ್ಟೆಯ ಎರಡೂ ಬದಿಗೆ ಹರಡಿದ್ದ ತಂಡವಿದು. ಇಲ್ಲಿನ ಹತ್ತು ಗಿಡ್ಡ ಹಾಡುಗಳು ಪ್ರೋಗ್ರೆಸಿವ್ ರಾಕ್‌ನ ಅಭಿಮಾನಿಗಳಿಗೆ ಹಿಂಜರಿತದಂತೆ ತೋರಿರಬೇಕು. ಆದರೆ ಕ್ಷೀಣಿಸುವಿಕೆಯನ್ನು ಹೇಳುವ ಕೃತಿಗೆ ವೈಭವಕ್ಕಿಂತ ಮಿತವ್ಯಯವೇ ಉಚಿತ. ಗಿಟಾರ್ ಮತ್ತು ಕಂಠವಷ್ಟೇ ಉಳಿದ ‘ಬ್ಯಾಡ್-ಐಡ್ ಆ್ಯಂಡ್ ಲವ್‌ಲೆಸ್’ ಇದಕ್ಕೆ ನಿದರ್ಶನ.

ಕೊನೆಯ ಹಾಡು ‘ದ ಚೆಕರ್ಡ್ ಫ್ಲ್ಯಾಗ್’ನಲ್ಲಿ ರೇ ಲೋಮಸ್ ಇಲ್ಲವೇ ಇಲ್ಲ. ಅಲ್ಲಿರುವವರು ಪಂದ್ಯ ಗೆದ್ದು ಕೈಬೀಸುವ ಯುವಕ. ದಾದಿ ಚಹಾ, ಎರಡು ಬಿಸ್ಕತ್ತು, ಬೆಳಗಿನ ಪತ್ರಿಕೆ ತಂದುಕೊಡುವ ವೃದ್ಧ. ತನ್ನ ಕೊನೆಯ ರಚನೆಯನ್ನು ಮುಗಿಸಿಯೂ ಅದಕ್ಕೆ ಬರುವ ಮನ್ನಣೆಯನ್ನು ಕೇಳಲಾರದ ಕಿವುಡ ಸಂಗೀತಗಾರ. ಅಲ್ಲಿಯವರೆಗೆ ವೇಷದ ಮುಪ್ಪನ್ನು ಹಾಡಿದ ಕೃತಿ ಇಲ್ಲಿ ದೇಹದ ಮುಪ್ಪಿಗೆ ಎದುರಾಗುತ್ತದೆ. ಫ್ಯಾಷನ್ ತಿರುಗಿ ಬರಬಹುದು, ದೇಹ ಬಾರದು. ಚಿತ್ರಕಥೆಯ ಗೆಲುವನ್ನು ಈ ಹಾಡು ಸದ್ದಿಲ್ಲದೆ ರದ್ದುಪಡಿಸಿ, ಚಪ್ಪಾಳೆ ಕೇಳಿಸದಿದ್ದರೂ ಮುಗಿಸಬೇಕಾದ ಕೆಲಸದ ಘನತೆಯನ್ನು ಅದರ ಸ್ಥಾನದಲ್ಲಿರಿಸುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ಸೆಕ್ಸ್ ಪಿಸ್ಟಲ್ಸ್‌ನ ಮೊದಲ ಹಾಡು ಹೊರಬಂದಿತು. ಪಂಕ್‌ನ ಅಬ್ಬರದಲ್ಲಿ ಜೆಥ್ರೋ ಟಲ್‌ನಂಥ ತಂಡಗಳೇ ಹಳತೆನಿಸಿಕೊಂಡವು. ರೇ ಲೋಮಸ್‌ನನ್ನು ಕಂಡು ನಕ್ಕವರ ಪಾಡೂ ಅವನದೇ ಆಯಿತು. ಇಂದು ಈ ಕೃತಿಯನ್ನು ಮರಳಿ ಕೇಳುವವರು ಚಿತ್ರಕಥೆಯನ್ನು ಬದಿಗಿರಿಸಿ, ಕೊನೆಯ ಹಾಡಿನಿಂದ ಹಿಂದಕ್ಕೆ ಬರುವುದು ಲೇಸು. ಆಗ ಉಳಿದ ಹಾಡುಗಳ ಹಾಸ್ಯದಡಿಯಲ್ಲಿದ್ದ ಅಳುಕು ಸ್ಪಷ್ಟವಾಗಿ ಕೇಳಿಬರುತ್ತದೆ.