ಎರೆಮಣ್ಣಿನ ಮೇಲೆ ಮೂರು ಕಾಲು

ಗಂಡುನವಿಲು ಗರಿ ಬಿಚ್ಚಿ ನಿಂತು ಜುಮ್ಮೆಂದು ನಡುಗಿಸುತ್ತದಲ್ಲ, ಆ ನಡುಕ ಸೆಕೆಂಡಿಗೆ ಸುಮಾರು 25 ಸಲ. ಅಷ್ಟು ವೇಗದಲ್ಲೂ ಗರಿಯ ಮೇಲಿನ ಕಣ್ಣುಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ, ಸುತ್ತಲಿನ ಸಡಿಲ ಎಳೆಗಳಷ್ಟೇ ಅಲೆಯುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದು ತೋರಿಸಿತು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಧಾಮದಲ್ಲಿ ಮಳೆಗಾಲದ ಮಂದ ಬೆಳಕಿಗೆ ಶಟರ್ ವೇಗವನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಸಿ ಚಿತ್ರ ತೆಗೆದರೆ, ನಿಶ್ಚಲವಾದ ನೂರಾರು ಕಣ್ಣುಗಳ ಸುತ್ತ ನಡುಗುವ ಎಳೆಗಳ ಮಂಜು ದಕ್ಕಬೇಕು. ಆದರೆ ಅಲ್ಲಿಂದ ಬರುವ ಬಹುಪಾಲು ಚಿತ್ರಗಳಲ್ಲಿ ಕಣ್ಣೂ ಎಳೆಯೂ ಒಟ್ಟಿಗೇ ಮಸುಕು. ಅಲುಗಾಡಿದ್ದು ನವಿಲಲ್ಲ, ಟ್ರೈಪಾಡ್.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಹುಡುಗರ ಕೈಯಲ್ಲಿ ಈಗ 150–600, 200–500ರಂಥ ಲೆನ್ಸುಗಳು ಕಾಣುತ್ತವೆ. ಸಾಲ ಮಾಡಿ, ಮದುವೆ ಸೀಸನ್ನಿನ ದುಡಿಮೆ ಕೂಡಿಟ್ಟು ಕೊಂಡವು. ಲೆನ್ಸಿಗೆ ಅಷ್ಟು ಸುರಿದವರು ಟ್ರೈಪಾಡಿಗೆ ಬರುವಾಗ ಕೈ ಬಿಗಿಹಿಡಿಯುತ್ತಾರೆ. ಹುಬ್ಬಳ್ಳಿಯ ಅಂಗಡಿಯಲ್ಲಿ “ಹತ್ತು ಕೆಜಿ ತಡೀತೈತ್ರೀ ಸರ, ನಿಮ್ಮ ಲೆನ್ಸ್ ಮೂರು ಕೆಜಿನೂ ಇಲ್ಲ” ಎಂದರೆ ಲೆಕ್ಕ ಸರಿ ಎನ್ನಿಸುತ್ತದೆ. ನಿಕಾನ್ 200–500 ಕಾಲರ್ ಸಮೇತ ಸುಮಾರು 2.3 ಕೆಜಿ, ಕ್ಯಾಮೆರಾ ಸೇರಿದರೆ ಮೂರು ದಾಟಬಹುದು. ಹತ್ತರ ಮುಂದೆ ಮೂರು ಯಾವ ಲೆಕ್ಕ?

ಈ ಮಾತನ್ನೇ ನಾನು ಒಪ್ಪುವುದಿಲ್ಲ. ಡಬ್ಬಿಯ ಮೇಲಿನ ಕೆಜಿ ಸಂಖ್ಯೆಗೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಅಳತೆಯ ವಿಧಾನವಿಲ್ಲ. ಹೆಚ್ಚೆಂದರೆ, ಅಷ್ಟು ಭಾರ ಹೇರಿದರೆ ಕಾಲು ಕುಸಿಯುವುದಿಲ್ಲ ಎಂದು ಅದು ಹೇಳುತ್ತದೆ. ನಮಗೆ ಬೇಕಾದದ್ದು ಕಾಲು ಎಷ್ಟು ತಿರುಚಿಕೊಳ್ಳುತ್ತದೆ, ಅಲುಗಿದ ಮೇಲೆ ಎಷ್ಟು ಬೇಗ ನಿಲ್ಲುತ್ತದೆ ಎಂಬುದು. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅದಕ್ಕೆ 600 ಎಂಎಂ ಲೆನ್ಸ್ ಹಾಕಿದಾಗ ಚಿತ್ರ ಒಂದು ಪಿಕ್ಸೆಲ್ ಜರುಗಲು, ಹತ್ತು ಸೆಂಟಿಮೀಟರ್ ಉದ್ದದ ಲೆನ್ಸ್ ಪಾದದ ಒಂದು ತುದಿ ಒಂದೇ ಒಂದು ಮೈಕ್ರಾನ್ ಎದ್ದರೆ ಸಾಕು. ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು. ಇಷ್ಟು ಸೂಕ್ಷ್ಮವಾದ ಅಲುಗಾಟಕ್ಕೂ ಕೆಜಿ ಲೆಕ್ಕಕ್ಕೂ ಸಂಬಂಧವಿಲ್ಲ.

ಲೆನ್ಸುಗಳು ಹಗುರವಾಗಿವೆ, ಹಾಗಾಗಿ ಟ್ರೈಪಾಡೂ ಹಗುರವಾದರೆ ನಡೆಯುತ್ತದೆ ಎನ್ನುವವರಿದ್ದಾರೆ. ಕ್ಯಾನನ್‌ನ 600 ಎಫ್/4 ಲೆನ್ಸ್ 1999ರಲ್ಲಿ 5.36 ಕೆಜಿ ಇತ್ತು, 2018ರ ಮೂರನೇ ಆವೃತ್ತಿಯಲ್ಲಿ 3.05 ಕೆಜಿಗೆ ಇಳಿಯಿತು. ಆದರೆ ದೂರದ ಹಕ್ಕಿಯನ್ನು ಹತ್ತಿರ ಎಳೆಯುವ ಅದರ ಶಕ್ತಿ ಅಷ್ಟೇ ಇದೆ, ಅಲುಗಾಟವನ್ನು ಹಿಗ್ಗಿಸುವ ಶಕ್ತಿಯೂ ಅಷ್ಟೇ ಇದೆ. ಭಾರ ಕಡಿಮೆಯಾದ ಲೆನ್ಸು ಗಾಳಿಗೆ, ಬೆರಳಿನ ಸ್ಪರ್ಶಕ್ಕೆ ಇನ್ನೂ ಸುಲಭವಾಗಿ ನಡುಗುತ್ತದೆ. ಲೆನ್ಸಿನ ತೂಕ ನೋಡಿ ಕಾಲು ಆರಿಸುವುದು ತಪ್ಪು, ಫೋಕಲ್ ಲೆಂಗ್ತ್ ನೋಡಿ ಆರಿಸಬೇಕು.

ಏನು ನೋಡಬೇಕು ಹಾಗಾದರೆ? ಮೊದಲು ಕೊಳವೆಯ ದಪ್ಪ. ಗೋಡೆ ಅಷ್ಟೇ ಇದ್ದು ವ್ಯಾಸ ಹೆಚ್ಚಿದರೆ ಕೊಳವೆಯ ಬಿಗಿತ ವ್ಯಾಸದ ಘನದಷ್ಟು ಏರುತ್ತದೆ. 22 ಮಿಮೀ ಕೊಳವೆಗಿಂತ 28 ಮಿಮೀ ಕೊಳವೆ ಎರಡು ಪಟ್ಟು ಗಟ್ಟಿ, 36 ಮಿಮೀ ಆದರೆ ನಾಲ್ಕು ಪಟ್ಟಿಗೂ ಮೇಲೆ. ಇಲ್ಲಿ ಮೋಸಹೋಗುವ ಜಾಗ ಒಂದಿದೆ: ಜಾಹೀರಾತಿನಲ್ಲಿ ಕೊಡುವುದು ಮೇಲಿನ ತುಂಡಿನ ವ್ಯಾಸ. ಒಳಗೆ ತೂರಿಸಿದ ಪ್ರತಿ ತುಂಡಿಗೂ ಮೂರು-ನಾಲ್ಕು ಮಿಮೀ ಕಡಿಮೆಯಾಗುತ್ತ ಹೋಗುತ್ತದೆ. ಐದು ತುಂಡಿನ ಕಾಲು ಬೈಕಿನ ಹಿಂದೆ ಕಟ್ಟಲು ಚೆಂದ, ಆದರೆ ನೆಲ ಮುಟ್ಟುವ ಕೊನೆಯ ತುಂಡು ಕಡ್ಡಿಯಂತಿರುತ್ತದೆ. ಮೂರು ತುಂಡಿನದು ಮೇಲು, ನಾಲ್ಕಕ್ಕೆ ಮಿತಿ.

ನಡುಗಂಬ ಬೇಡವೇ ಬೇಡ. ಮೂರು ಕಾಲಿನ ಆಧಾರವನ್ನು ಒಂದೇ ಕೋಲಿನ ಮೇಲೆ ತಂದು ನಿಲ್ಲಿಸುವ ಆ ಏರ್ಪಾಡು ಮದುವೆ ವಿಡಿಯೊಗೆ ಅನುಕೂಲ, 600 ಎಂಎಂಗೆ ಶತ್ರು. ಗಿಟ್ಜೊ ಸಿಸ್ಟಮ್ಯಾಟಿಕ್ ಮಾದರಿಯಲ್ಲಿ ಕಾಲುಗಳು ನೇರವಾಗಿ ಅಗಲವಾದ ಬಟ್ಟಲಿಗೆ ಸೇರುತ್ತವೆ, ನಡುಗಂಬವಿಲ್ಲ. 1994ರಲ್ಲಿ ಕಾರ್ಬನ್ ಫೈಬರ್ ಟ್ರೈಪಾಡನ್ನು ಮಾರುಕಟ್ಟೆಗೆ ತಂದ ಕಂಪನಿ ಅದು, ಕೆಲಸ ಅಪ್ಪಟ. ಬೆಲೆ ಮಾತ್ರ ಹಿರೇಕೆರೂರಿನ ಹುಡುಗನಿಗೆ ಎಟುಕುವಂಥದ್ದಲ್ಲ. ಲಿಯೊಫೊಟೊ, ಸಿರುಯಿ, ಬೆನ್ರೊ ಮುಂತಾದ ಚೀನಾ ಕಂಪನಿಗಳು ಅದೇ ವಿನ್ಯಾಸವನ್ನು ಕಡಿಮೆ ದುಡ್ಡಿಗೆ ಕೊಡುತ್ತಿವೆ. 32 ಮಿಮೀಗೆ ಮೇಲಿನದು ಸಿಕ್ಕರೆ ಧೈರ್ಯವಾಗಿ ಕೊಳ್ಳಿ ಎನ್ನುತ್ತೇನೆ.

ಆ ದುಡ್ಡೂ ಇಲ್ಲದವರಿಗೆ ಒಂದು ಸಂಗತಿ. ಜಮೀನು, ರಸ್ತೆ ಅಳೆಯಲು ಬರುವ ಸರ್ವೆಯವರು ಟೋಟಲ್ ಸ್ಟೇಶನ್ ಯಂತ್ರವನ್ನು ಕೂರಿಸುವ ಮೂರುಕಾಲನ್ನು ಗಮನಿಸಿ. ಅಗಲವಾದ ತಲೆ, ನಡುಗಂಬವಿಲ್ಲ, ಪ್ರತಿ ಕಾಲಿಗೂ ಎರಡೇ ತುಂಡು, ತುದಿಯಲ್ಲಿ ಕಬ್ಬಿಣದ ಮೊನೆ, ಮೊನೆಯ ಪಕ್ಕ ಬೂಟಿನಿಂದ ತುಳಿದು ನೆಲಕ್ಕೆ ಊರಲು ಒಂದು ಪಟ್ಟಿ. ಕೋನದಲ್ಲಿ ಕೆಲವೇ ಸೆಕೆಂಡಿನ ವ್ಯತ್ಯಾಸ ಅಳೆಯುವ ಯಂತ್ರಕ್ಕೆಂದೇ ಮಾಡಿದ್ದು, ನಮ್ಮ ಅಗತ್ಯವೂ ಅದೇ. ಮರದ್ದಾದರೆ ಇನ್ನೂ ಒಳ್ಳೆಯದು, ಮರ ಕಂಪನವನ್ನು ಹೀರಿಕೊಳ್ಳುತ್ತದೆ. ಅದರ ತಿರುಪು 5/8 ಇಂಚಿನದು, ಕ್ಯಾಮೆರಾ ಹೆಡ್ಡಿನದು 3/8, ನಡುವೆ ಹಾಕುವ ಅಡಾಪ್ಟರ್ ಸಿಗುತ್ತದೆ. ಕುಂದುಗಳೂ ಇವೆ: ಐದಾರು ಕೆಜಿ ಭಾರ, ನೆಲಮಟ್ಟಕ್ಕೆ ಇಳಿಯುವುದಿಲ್ಲ, ಕಲ್ಲುಹಾಸಿನ ಮೇಲೆ ಕಾಲು ಜಾರದಂತೆ ಸರಪಳಿ ಕಟ್ಟಬೇಕು. ಹಾನಗಲ್ಲಿನ ಆನೆಕೆರೆಯ ಏರಿಯ ಮೇಲೆ ಬೈಕ್ ನಿಲ್ಲಿಸಿ ಒಂದೇ ಕಡೆ ಕೂರುವವರಿಗೆ, ಐದು ಸಾವಿರದ ಹೊಳಪಿನ ಟ್ರೈಪಾಡಿಗಿಂತ ಹಳೆಯ ಸರ್ವೆ ಕಾಲು ಸಾವಿರ ಪಾಲು ಮೇಲು.

ನಮ್ಮ ನೆಲವೂ ಈ ಆಯ್ಕೆಯಲ್ಲಿ ಮಾತಾಡುತ್ತದೆ. ಸವಣೂರು, ಶಿಗ್ಗಾಂವಿ ಕಡೆಯ ಎರೆಹೊಲ ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ರಬ್ಬರ್ ಪಾದ ಆ ಮಣ್ಣಿನ ಮೇಲೆ ತೇಲುತ್ತಿರುತ್ತದೆ. ಮೊನೆ ಹಾಕಿ, ಒತ್ತಿ, ಗಟ್ಟಿ ಪದರ ಸಿಗುವವರೆಗೆ ಊರಬೇಕು. ಊರಿದ ಮೇಲೂ ಕಾಲು ಮೆಲ್ಲಗೆ ಇಳಿಯುತ್ತಿರುತ್ತದೆ, ಮಟ್ಟವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು. ಮದಗ ಮಾಸೂರು ಕೆರೆಯ ಕೆಸರಿನಲ್ಲಿ ನಿಲ್ಲುವವರು ಕೆಳಗಿನ ತುಂಡನ್ನೇ ಮೊದಲು ಎಳೆದರೆ ಲಾಕಿನೊಳಗೆ ಮಣ್ಣು ಹೋಗುವುದಿಲ್ಲ. ಆ ತುಂಡು ತೆಳು, ನಿಜ. ಆದರೂ ಕೊಳೆ ತುಂಬಿ ಬಿಗಿಯಾಗದ ಲಾಕಿಗಿಂತ ಅದೇ ವಾಸಿ. ಗಾಳಿ ಜೋರಿದ್ದಾಗ ಕೊಕ್ಕೆಗೆ ಬ್ಯಾಗು ತೂಗಿಬಿಡುವ ಅಭ್ಯಾಸ ಹಲವರದು. ತೂಗಾಡುವ ಬ್ಯಾಗು ತಾನೇ ನಡುಕ ಹುಟ್ಟಿಸುತ್ತದೆ. ಅದರ ತಳ ನೆಲಕ್ಕೆ ತಾಗಿರಲಿ.

ಹೆಡ್ಡಿನ ವಿಷಯ ಚಿಕ್ಕದು. ಭಾರೀ ಲೆನ್ಸಿಗೆ ಬಾಲ್‌ಹೆಡ್ ಅಪಾಯ, ತಿರುಪು ಸಡಿಲಾದ ಕ್ಷಣ ಲೆನ್ಸ್ ಮಗುಚಿ ಕಾಲಿಗೆ ಬಡಿಯುತ್ತದೆ. ಗಿಂಬಲ್ ಹೆಡ್ಡಿನಲ್ಲಿ ಲೆನ್ಸನ್ನು ಹಿಂದೆ ಮುಂದೆ ಸರಿಸಿ ಸಮತೋಲಕ್ಕೆ ತಂದರೆ ಬೆರಳಲ್ಲೇ ತಿರುಗಿಸಬಹುದು. ಸವಣೂರಿನ ದೊಡ್ಡಹುಣಸೆ ಮಠದ ಆ ಬೃಹತ್ ಮರಗಳ ನೆತ್ತಿಗೆ ಲೆನ್ಸ್ ಎತ್ತುವಾಗ ಕ್ಯಾಮೆರಾದ ಹಿಂಬದಿ ಕೆಳಗಿಳಿಯುತ್ತದೆ, ಕಣ್ಣೆತ್ತರದ ಟ್ರೈಪಾಡ್ ಆಗ ಗಿಡ್ಡವಾಗುತ್ತದೆ. ಎತ್ತರ ಆರಿಸುವಾಗ ಇದು ನೆನಪಿರಲಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು: ನಿಮ್ಮ ಲೆನ್ಸನ್ನೇ ಒಯ್ದು ಕೂರಿಸಿ, ದೂರದ ಬೋರ್ಡಿನ ಒಂದು ಅಕ್ಷರಕ್ಕೆ ಫೋಕಸ್ ಮಾಡಿ, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ. ಸ್ಟೆಬಿಲೈಜೇಶನ್ ಆಫ್ ಇರಲಿ. ಲೆನ್ಸಿನ ತುದಿಯನ್ನು ಬೆರಳಿಂದ ಮೆಲ್ಲಗೆ ತಟ್ಟಿ ಅಕ್ಷರವನ್ನು ನೋಡಿ. ಒಳ್ಳೆಯ ಕಾಲಿನ ಮೇಲೆ ಅದು ಒಮ್ಮೆ ಬೆಚ್ಚಿ ನಿಲ್ಲುತ್ತದೆ. ಕೆಟ್ಟದ್ದರ ಮೇಲೆ ಎರಡು ಅಕ್ಷರವಾಗಿ ಒಡೆದು, ಕೂಡಿ, ಮತ್ತೆ ಒಡೆದು ಸೆಕೆಂಡುಗಟ್ಟಲೆ ತೂಗುತ್ತದೆ. ನಡುವಿನ ಬೆರಳನ್ನು ಲೆನ್ಸಿನ ಪಾದದ ಮೇಲಿಟ್ಟು ಇನ್ನೊಮ್ಮೆ ತಟ್ಟಿ. ಎಷ್ಟೋ ಸಲ ಕಾಲು ಗಟ್ಟಿಯಿದ್ದು ಲೆನ್ಸಿನ ಕಾಲರೇ ಬಾಗುತ್ತಿರುತ್ತದೆ. ಆಗ ಟ್ರೈಪಾಡನ್ನು ಬೈದು ಬದಲಿಸುವುದು ದಂಡ.

ದೀಪಾವಳಿಯ ಹೋರಿ ಹಬ್ಬಕ್ಕೆ ಇದ್ಯಾವುದೂ ಬೇಡ, ಆ ಜನಸಂದಣಿಯಲ್ಲಿ ಮೂರು ಕಾಲು ಹೂಡುವುದು ಎಲ್ಲರಿಗೂ ಅಪಾಯ. ಕೋಟೆಯ ಗೋಡೆಯೋ ಕಾರಿನ ಬಾಗಿಲೋ ಸಿಕ್ಕರೆ, ಬಟ್ಟೆಯ ಚೀಲಕ್ಕೆ ಎರಡು ಸೇರು ಗೋವಿನಜೋಳ ತುಂಬಿ ಅದರ ಮೇಲೆ ಲೆನ್ಸ್ ಮಲಗಿಸುವುದು ಎಷ್ಟೋ ಟ್ರೈಪಾಡುಗಳಿಗಿಂತ ಗಟ್ಟಿ ಆಸರೆ.

ಇನ್ನು ಬೇಸಿಗೆಯ ಬಿಸಿಲೇರಿದ ಹೊತ್ತು. ಕಾದ ಎರೆನೆಲದ ಮೇಲೆ ಗಾಳಿಯೇ ಕುದಿಯುತ್ತಿರುವಾಗ ಇನ್ನೂರು ಮೀಟರ್ ಆಚೆಯ ಹಕ್ಕಿ ಯಾವ ಕಾಲಿನ ಮೇಲಿಂದಲೂ ಚೊಕ್ಕವಾಗಿ ಬರುವುದಿಲ್ಲ. ಆಗ ಹತ್ತಿರ ಹೋಗಬೇಕು, ಇಲ್ಲವೇ ಮರುದಿನ ನಸುಕಿಗೆ ಬರಬೇಕು.